ಮಳೆಗಾಲದಲ್ಲಿ ಏರ್ ರೈಫಲ್ ಗ್ರೂಪ್ ಹರಡಿದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಉಡುಪಿ ಹತ್ತಿರದವರು. ಮಗಳು 9ನೇ ಕ್ಲಾಸ್, 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಕಳೆದ ಡಿಸೆಂಬರ್‌ನಲ್ಲಿ ಅವಳಿಗೆ ಮರದ ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕೆ ಇಡುವ ಭಾಗ) ಇರುವ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ತೆಗೆದುಕೊಟ್ಟೆವು. ಏಪ್ರಿಲ್‌ವರೆಗೆ 60 ಹೊಡೆತಕ್ಕೆ 610ರ ಆಸುಪಾಸು ಬರುತ್ತಿತ್ತು. ರಜೆ ಮುಗಿಸಿ ಜೂನ್‌ನಲ್ಲಿ ಮತ್ತೆ ಶುರು ಮಾಡಿದ ಮೇಲೆ 598 ದಾಟುತ್ತಿಲ್ಲ. ತೂತುಗಳು ಮೇಲೆ-ಕೆಳಗೆ ಹರಡುತ್ತವೆ. ರೈಫಲ್‌ನ ಸಿಲಿಂಡರ್‌ಗೆ ಗಾಳಿ ತುಂಬಿಸಲು ಪ್ರತಿ ಸಲ ಮಂಗಳೂರಿಗೆ ಹೋಗುವುದು ಕಷ್ಟ ಅಂತ ಮೇ ತಿಂಗಳಲ್ಲಿ ಹ್ಯಾಂಡ್ ಪಂಪ್ ತಗೊಂಡೆವು. ಪೆಲೆಟ್ (ಸೀಸದ ಸಣ್ಣ ಗುಂಡು) ಅದೇ ಕಂಪನಿಯದ್ದು, ಡಬ್ಬಿ ಮಾತ್ರ ಹೊಸದು. ಒಬ್ಬರು ಬ್ಯಾರಲ್ (ನಳಿಗೆ) ಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು ಟ್ರಿಗರ್ ಹಗುರ ಮಾಡಿ ಅನ್ನುತ್ತಾರೆ. ನಮ್ಮ ಭಾವ ವೇಗ ಜಾಸ್ತಿ ಮಾಡಿಸಿ ಅನ್ನುತ್ತಾರೆ. ರೈಫಲ್ ಟ್ಯೂನ್ ಮಾಡಿಸಬೇಕಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಮಸ್ಕಾರ. ಸದ್ಯಕ್ಕೆ ಅಲೆನ್ ಕೀ ಡಬ್ಬಿಯಲ್ಲೇ ಇರಲಿ. ಯಾವ ಸ್ಕ್ರೂವನ್ನೂ ಮುಟ್ಟಬೇಡಿ.

ನಿಮ್ಮ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ ನೋಡಿ. ಏಪ್ರಿಲ್‌ನಿಂದ ಜೂನ್‌ ಒಳಗೆ ಗಾಳಿ ತುಂಬಿಸುವ ರೀತಿ ಬದಲಾಗಿದೆ. ಪೆಲೆಟ್ ಡಬ್ಬಿ ಬದಲಾಗಿದೆ. ಮಳೆಗಾಲ ಬಂದಿದೆ, ಸ್ಟಾಕ್ ಮರದ್ದು. ನೀವು ಬರೆಯದ ಒಂದು ಸಂಗತಿಯೂ ಇದೆ. 14-15ರ ವಯಸ್ಸಿನ ಹುಡುಗಿ, ಡಿಸೆಂಬರ್‌ನಿಂದ ಈಚೆಗೆ ಬೆಳೆದಿರುತ್ತಾಳೆ. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಕಾರಣ ಇಂಥದ್ದೇ ಅಂತ ಊಹೆಯಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ಒಂದೊಂದನ್ನೇ ಪರೀಕ್ಷೆ ಮಾಡಿ ಬದಿಗಿಡುತ್ತಾ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಟ್ಯೂನಿಂಗ್ ಅಂತ ನಾನು ಕರೆಯುವುದು ಈ ಕೆಲಸವನ್ನೇ. ಮೂರು ಜನ ಹೇಳಿದ ಮೂರು ಕೆಲಸವನ್ನು ಒಂದೇ ಭಾನುವಾರ ಮಾಡಿಬಿಟ್ಟರೆ, ಸ್ಕೋರ್ ಏರಿದರೂ ಯಾಕೆ ಏರಿತು ಗೊತ್ತಾಗುವುದಿಲ್ಲ, ಇಳಿದರೂ ಯಾಕೆ ಇಳಿಯಿತು ಗೊತ್ತಾಗುವುದಿಲ್ಲ.

ಮೊದಲು ನಷ್ಟ ಎಷ್ಟು ಅಂತ ಲೆಕ್ಕ ಹಾಕೋಣ. 610 ಅಂದರೆ ಒಂದು ಹೊಡೆತಕ್ಕೆ ಸರಾಸರಿ 10.17. 598 ಅಂದರೆ 9.97. ವ್ಯತ್ಯಾಸ 0.2. ಏರ್ ರೈಫಲ್ ಗುರಿಹಲಗೆಯಲ್ಲಿ ಒಂದು ಪೂರ್ತಿ ಅಂಕಕ್ಕೆ 2.5 ಮಿ.ಮೀ., ಅಂದರೆ 0.1 ಅಂಕಕ್ಕೆ ಕಾಲು ಮಿ.ಮೀ. ಹಾಗಾಗಿ ಮಗಳ ಹೊಡೆತಗಳು ನಡುಬಿಂದುವಿನಿಂದ ಮೊದಲಿಗಿಂತ ಸರಾಸರಿ ಅರ್ಧ ಮಿ.ಮೀ. ದೂರ ಸರಿದಿವೆ, ಅಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತದಲ್ಲಿ 10.8 ಹೊಡೆದು ಚಿನ್ನ ಗೆದ್ದರಲ್ವಾ, ಆ 10.8 ಅಂದರೆ ಪೆಲೆಟ್‌ನ ನಡುವು ಗುರಿಯ ನಡುವಿನಿಂದ ಅರ್ಧ ಮಿ.ಮೀ. ಒಳಗೇ ಬಿದ್ದಿದೆ ಅಂತ. ಈ ಆಟದಲ್ಲಿ ಅರ್ಧ ಮಿ.ಮೀ.ಗೆ ಅಷ್ಟು ಬೆಲೆ. ಆದರೆ ಬ್ಯಾರಲ್ ಹೋದ ರೈಫಲ್ ಇಷ್ಟು ಸಣ್ಣದಾಗಿ ಕೈ ಕೊಡುವುದು ಅಪರೂಪ. ಹಾಗಾಗಿ ಬ್ಯಾರಲ್ ಮಾತನ್ನು ಕೊನೆಗೆ ನೋಡೋಣ.

ಈಗ ಮೊದಲ ಪರೀಕ್ಷೆ. ತಪ್ಪು ರೈಫಲ್‌ನದ್ದಾ, ಹಿಡಿಯುವ ರೀತಿಯದ್ದಾ ಅಂತ ಬೇರ್ಪಡಿಸಬೇಕು. ಕಾರ್ಖಾನೆಯಲ್ಲಿ ರೈಫಲ್ಲನ್ನು ಕ್ಲ್ಯಾಂಪ್‌ಗೆ ಬಿಗಿದು ಹೊಡೆದು ನೋಡುತ್ತಾರೆ. ಒಳ್ಳೆಯ ಮ್ಯಾಚ್ ರೈಫಲ್, ಹೊಂದುವ ಪೆಲೆಟ್ ಇದ್ದರೆ ಗುರಿಯ ಕಾರ್ಡ್‌ನಲ್ಲಿ ಎಲ್ಲ ಹೊಡೆತವೂ ಸೇರಿ ಒಂದೇ ತೂತಿನ ಹಾಗೆ ಕಾಣುತ್ತದೆ. ಮನೆಯಲ್ಲಿ ನಮಗೆ ಕ್ಲ್ಯಾಂಪ್ ಇರುವುದಿಲ್ಲ. ಗಟ್ಟಿ ಮೇಜು ಮತ್ತು ಎರಡು ಮರಳಿನ ಚೀಲ ಸಾಕು. ಮುಂದಿನ ಚೀಲದ ಮೇಲೆ ಸ್ಟಾಕ್‌ನ ಮುಂಭಾಗ ಇಡಿ. ಬ್ಯಾರಲ್ ಆಗಲಿ ಗಾಳಿಯ ಸಿಲಿಂಡರ್ ಆಗಲಿ ಚೀಲಕ್ಕೆ ತಾಗಬಾರದು. ಚೀಲದ ಮೇಲೆ ಕೂರುವ ಜಾಗಕ್ಕೆ ಸ್ಟಾಕ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ, ಪ್ರತಿ ಹೊಡೆತಕ್ಕೂ ಅಲ್ಲೇ ಇರಲಿ. ಹಿಂದಿನ ಚೀಲ ಬಟ್ (ಸ್ಟಾಕ್‌ನ ಹಿಂತುದಿ) ಕೆಳಗೆ. ಕೆನ್ನೆ ಸುಮ್ನೆ ತಾಗಿದರೆ ಸಾಕು, ಒತ್ತಬಾರದು. ಹತ್ತು ಹೊಡೆತದ ಐದು ಕಾರ್ಡ್ ಹೊಡೆಸಿ. ಒಂದೇ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ, ಒಂದು ಗ್ರೂಪ್ (ಒಂದು ಕಾರ್ಡ್‌ನ ತೂತುಗಳ ಗುಂಪು) ಯಾವಾಗಲೂ ಸುಳ್ಳು ಹೇಳಬಹುದು.

ವರ್ನಿಯರ್ ಕ್ಯಾಲಿಪರ್‌ನಲ್ಲಿ ಗ್ರೂಪ್‌ನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಅದರಿಂದ ಪೆಲೆಟ್‌ನ ಅಗಲ 4.5 ಮಿ.ಮೀ. ಕಳೆಯಿರಿ. ಚೀಲದ ಮೇಲೆ ಇಟ್ಟು ಹೊಡೆದಾಗ ಅದು 2 ಮಿ.ಮೀ. ಒಳಗೆ ಬಂದರೆ ರೈಫಲ್ ಸರಿಯಾಗಿದೆ ಅಂತ ನಾನು ಹೇಳುತ್ತೇನೆ. ಆಗ ಗಾಳಿ, ಪೆಲೆಟ್, ಬ್ಯಾರಲ್ ಎಲ್ಲವನ್ನೂ ಮರೆತು ಸೀದಾ ಮಗಳ ನಿಲುವು ಮತ್ತು ಶೂಟಿಂಗ್ ಜಾಕೆಟ್ ಕಡೆಗೆ ಬನ್ನಿ. ಚೀಲದ ಮೇಲೂ ಮೇಲೆ-ಕೆಳಗೆ ಹರಡಿದರೆ ಮುಂದಿನದನ್ನು ಓದಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ಹ್ಯಾಂಡ್ ಪಂಪ್. ಪಂಪ್ ಕೆಟ್ಟದ್ದು ಅಂತ ಅಲ್ಲ. ನಮ್ಮ ಕರಾವಳಿಯ ಗಾಳಿಯೇ ಹಾಗೆ. ಜೂನ್-ಜುಲೈನಲ್ಲಿ ಇಲ್ಲಿ ಬಟ್ಟೆ ಎರಡು ದಿನ ಹರಡಿದರೂ ಒಣಗುವುದಿಲ್ಲ. ಆ ಗಾಳಿಯನ್ನೇ ನಾವು 200 ಬಾರ್ ಒತ್ತಡಕ್ಕೆ (ಬಾರ್ ಅಂದರೆ ಒತ್ತಡದ ಅಳತೆ) ಒತ್ತಿ ತುಂಬುತ್ತೇವೆ. 28 ಡಿಗ್ರಿ ಸೆಕೆ, 90 ಶೇಕಡಾ ತೇವ ಅಂತ ಇಟ್ಟುಕೊಳ್ಳಿ. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಸಿಲಿಂಡರ್ 200 ಮಿ.ಲೀ.ದ್ದು ಅಂತಾದರೆ ಅದನ್ನು 200 ಬಾರ್‌ಗೆ ತುಂಬಲು 40 ಲೀಟರ್ ಹೊರಗಿನ ಗಾಳಿ ಬೇಕು. ಅಂದರೆ ಖಾಲಿ ಸಿಲಿಂಡರ್ ಒಂದು ಸಲ ತುಂಬುವಾಗ ಸುಮಾರು ಒಂದು ಗ್ರಾಂ ನೀರು ಪಂಪ್ ಒಳಗೆ ಹೋಗುತ್ತದೆ. ಇಪ್ಪತ್ತು ಹನಿ. ಗಾಳಿ ಒತ್ತಿದಾಗ ಆ ನೀರು ಆವಿಯಾಗಿ ಉಳಿಯುವುದಿಲ್ಲ, ಹನಿಯಾಗುತ್ತದೆ. ಪಂಪ್‌ನ ನೀರು ಬಿಡುವ ಸ್ಕ್ರೂ ಬಿಚ್ಚಿದಾಗ ಬಿಳಿ ಕಾಗದ ಹಿಡಿದು ನೋಡಿ. ಕಾಗದದ ಮೇಲೆ ಹಾಲು ಬೆರೆಸಿದ ಹಾಗಿನ ಎಣ್ಣೆ-ನೀರು ಚಿಮ್ಮುತ್ತದೆ. ಅಲ್ಲಿ ಎಷ್ಟು ಹೊರಗೆ ಬರುತ್ತದೋ ಅಷ್ಟು ಒಳ್ಳೆಯದು. ಉಳಿದದ್ದು ಸಿಲಿಂಡರ್‌ಗೆ, ಅಲ್ಲಿಂದ ರೆಗ್ಯುಲೇಟರ್‌ಗೆ.

ರೆಗ್ಯುಲೇಟರ್ ಕೆಲಸ ಇಷ್ಟೇ. ಸಿಲಿಂಡರ್‌ನಲ್ಲಿ 200 ಬಾರ್ ಇರಲಿ, 100 ಬಾರ್ ಇರಲಿ, ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಕೊಡಬೇಕು. ಒಳಗೆ ಸಣ್ಣ ಸ್ಪ್ರಿಂಗ್ ವಾಷರ್‌ಗಳು, ಒಂದು ಪಿಸ್ಟನ್, ಒಂದು ಸೀಟ್, ಕೆಲವು ಓ-ರಿಂಗ್ ಇರುತ್ತವೆ. ತೇವ ಸೇರಿದರೆ ತುಕ್ಕು, ಪಾಚಿ ಬಣ್ಣದ ಕಿಟ್ಟ, ಅಂಟು. ಆಗ ಒತ್ತಡ ಒಂದು ಹೊಡೆತಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ. ವೇಗ ಏರಿಳಿಯುತ್ತದೆ, ಪೆಲೆಟ್ ಮೇಲೆ-ಕೆಳಗೆ ಬೀಳುತ್ತದೆ.

ಆದರೆ ಎಷ್ಟು ಮೇಲೆ-ಕೆಳಗೆ? ಇದು ಮುಖ್ಯ, ಯಾಕೆಂದರೆ ಎಲ್ಲ ತಪ್ಪನ್ನೂ ರೆಗ್ಯುಲೇಟರ್ ತಲೆಗೆ ಕಟ್ಟುವವರು ತುಂಬ ಜನ ಇದ್ದಾರೆ. ಮ್ಯಾಚ್ ರೈಫಲ್‌ನ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 17 ಮಿ.ಮೀ. ಕೆಳಗೆ ಬೀಳುತ್ತದೆ. ವೇಗ 5 ಮೀಟರ್ ಕಮ್ಮಿಯಾದರೆ ಬೀಳುವುದು ಇನ್ನೊಂದು ಮಿ.ಮೀ. ಜಾಸ್ತಿ, ಅಷ್ಟೇ. ಹಾಗಾಗಿ ಮಗಳ ಗ್ರೂಪ್ ಉದ್ದಕ್ಕೆ 7-8 ಮಿ.ಮೀ. ಹರಡಿದ್ದರೆ, ಅದಷ್ಟನ್ನೂ ರೆಗ್ಯುಲೇಟರ್ ಮಾಡಿರಬೇಕಾದರೆ ವೇಗ 35-40 ಮೀಟರ್ ಏರಿಳಿಯಬೇಕು. ಅಷ್ಟು ಏರಿಳಿತ ಇದ್ದರೆ ಹೊಡೆಯುವಾಗಿನ ಶಬ್ದದಲ್ಲೇ ಗೊತ್ತಾಗುತ್ತದೆ.

ಊಹೆ ಬೇಡ, ಅಳೆದು ನೋಡಿ. ಯಾರ ಹತ್ತಿರವಾದರೂ ಕ್ರೋನೋಗ್ರಾಫ್ (ಪೆಲೆಟ್‌ನ ವೇಗ ಅಳೆಯುವ ಸಾಧನ) ಇದ್ದರೆ ಒಂದು ಗಂಟೆ ಎರವಲು ಕೇಳಿ. ರೈಫಲ್ಲನ್ನು ಅರ್ಧ ಗಂಟೆ ಹೊಡೆಯದೆ ಇಡಿ. ಆಮೇಲೆ ಹೊಡೆದ ಮೊದಲ ಪೆಲೆಟ್‌ನ ವೇಗ ಬರೆದುಕೊಳ್ಳಿ. ಮುಂದಿನ ಹತ್ತು-ಹದಿನೈದರ ವೇಗವನ್ನೂ ಬರೆದುಕೊಳ್ಳಿ. ಮೊದಲನೆಯದು ಉಳಿದವಕ್ಕಿಂತ ಬಹಳ ಜಾಸ್ತಿ ಬಂದರೆ ರೆಗ್ಯುಲೇಟರ್ ಸೀಟ್ ಸೋರುತ್ತಿದೆ. ನಿಂತಿರುವಾಗ ಒತ್ತಡ ಮೆಲ್ಲಗೆ ಏರುತ್ತಿದೆ ಅಂತ ಅರ್ಥ. ಎಲ್ಲವೂ 3-4 ಮೀಟರ್ ಒಳಗೆ ಬಂದರೆ ರೆಗ್ಯುಲೇಟರ್ ಮೇಲೆ ಅನುಮಾನ ಬೇಡ. ಸರಿಯಿಲ್ಲ ಅಂತಾದರೆ ಸರ್ವಿಸ್‌ಗೆ ಕೊಡಿ. ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ. ಸಿಲಿಂಡರ್ ತೆಗೆದ ಮೇಲೂ ಒಳಗೆ ಒತ್ತಡ ಉಳಿದಿರಬಹುದು, ಕೈಗೆ ಕಣ್ಣಿಗೆ ಅಪಾಯ.

ಇನ್ನು ಮುಂದೆ ಗಾಳಿ ಎಲ್ಲಿಂದ? ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗುವುದು ಕಷ್ಟವಾದರೂ, ಒಣಗಿಸುವ ಫಿಲ್ಟರ್ ಇರುವ ಕಂಪ್ರೆಸರ್‌ನಿಂದ ಒಂದು ದೊಡ್ಡ ಸ್ಕೂಬಾ ಸಿಲಿಂಡರ್ ತುಂಬಿಸಿ ತಂದಿಟ್ಟುಕೊಳ್ಳುವುದು ಒಳ್ಳೆಯ ದಾರಿ. ಮುಳುಗುಗಾರರು ಉಸಿರಾಡುವ ಗಾಳಿ ಅದು, ಚೆನ್ನಾಗಿ ಒಣಗಿಸಿರುತ್ತಾರೆ. ಅದರಿಂದ ರೈಫಲ್ ಸಿಲಿಂಡರ್ ಎಷ್ಟೋ ಸಲ ತುಂಬಬಹುದು. ಹ್ಯಾಂಡ್ ಪಂಪೇ ಗತಿ ಅಂತಾದರೆ, ಗಾಳಿ ಎಳೆಯುವ ಕಡೆ ಒಣಗಿಸುವ ಫಿಲ್ಟರ್ ಹಾಕಿ. ಅದರ ಹರಳು ಬಣ್ಣ ಬದಲಾದ ಕೂಡಲೇ ಹೊಸದು ಹಾಕಿ ಅಥವಾ ಬಿಸಿ ಮಾಡಿ ಒಣಗಿಸಿ. ಐವತ್ತು ಸಲ ಒತ್ತಿದ ಮೇಲೆ ನಿಲ್ಲಿಸಿ, ನೀರು ಬಿಟ್ಟು, ಪಂಪ್ ತಣಿದ ಮೇಲೆ ಮುಂದುವರಿಸಿ. ಸಾಧ್ಯವಾದರೆ ಎಸಿ ಹಾಕಿದ ಕೋಣೆಯಲ್ಲಿ ತುಂಬಿ, ಅಲ್ಲಿ ತೇವ ಕಮ್ಮಿ. ಗಾಳಿ ಬಿಟ್ಟು ಬೇರೆ ಯಾವ ಗ್ಯಾಸ್ ಕೂಡ ತುಂಬಬಾರದು. ಆಕ್ಸಿಜನ್ ಅಂತೂ ಎಣ್ಣೆ ಸೇರಿದರೆ ಸ್ಫೋಟವಾಗಬಹುದು. ಗ್ಯಾಸ್ ವೆಲ್ಡಿಂಗ್ ಅಂಗಡಿಯವರು ಸಹಾಯ ಮಾಡುತ್ತೇವೆ ಅಂದರೂ ಬೇಡ ಅನ್ನಿ.

ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಸಿಲಿಂಡರ್ ಮೇಲೆ ಕೆತ್ತಿದ ತಾರೀಕನ್ನು ಇವತ್ತೇ ನೋಡಿ. ಹೆಚ್ಚಿನ ಕಂಪನಿಗಳು 10 ವರ್ಷದ ಅವಧಿ ಕೊಡುತ್ತವೆ. ಅವಧಿ ಮುಗಿದ ಸಿಲಿಂಡರ್‌ನಲ್ಲಿ ಹೊಡೆಯಬಾರದು, ಪಂದ್ಯದ ಪರಿಶೀಲನೆಯಲ್ಲೂ ಸಿಕ್ಕಿಬೀಳುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಪರೀಕ್ಷೆ ಗಿರೀಕ್ಷೆ ಇಲ್ಲ. ತಾರೀಕು ಮುಗಿದಿದ್ದರೆ ಹೊಸದು ತರಿಸಿ.

ಇನ್ನು ಪೆಲೆಟ್. ಅದೇ ಕಂಪನಿ, ಅದೇ ಹೆಸರು ಅನ್ನುವುದು ಸಾಕಾಗುವುದಿಲ್ಲ. ಡಬ್ಬಿಯ ಹಿಂದೆ ಎರಡು ವಿವರ ಇರುತ್ತದೆ. ಒಂದು ತಲೆಯ ಅಳತೆ: 4.49, 4.50, 4.51 ಹೀಗೆ. ಇನ್ನೊಂದು ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ. ಹಳೆ ಡಬ್ಬಿ ಎಸೆದಿಲ್ಲವಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಳತೆ ಒಂದೇ ಇದ್ದು ಲಾಟ್ ಬೇರೆಯಾದರೂ ಸಾಕು, ಕೆಲವು ಬ್ಯಾರಲ್‌ಗಳು ಒಂದು ಲಾಟ್ ಇಷ್ಟಪಟ್ಟು ಇನ್ನೊಂದನ್ನು ಒಪ್ಪುವುದಿಲ್ಲ. ಯಾಕೆ ಅಂತ ಕೈಯಲ್ಲಿ ಹಿಡಿದು ನೋಡಿದರೆ ಕಾಣುವುದಿಲ್ಲ. ಹೊಡೆದೇ ನೋಡಬೇಕು. ಮೂರು-ನಾಲ್ಕು ಲಾಟ್‌ನ ಒಂದೊಂದು ಡಬ್ಬಿ ತಂದು, ಮರಳಿನ ಚೀಲದ ಮೇಲೆ ಪ್ರತಿಯೊಂದರಲ್ಲೂ ಐದು ಕಾರ್ಡ್ ಹೊಡೆಸಿ. ಒಂದನ್ನೇ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಸರದಿ ಬದಲಿಸುತ್ತಾ ಇರಿ. ಇಲ್ಲದಿದ್ದರೆ ಕೊನೆಯ ಪೆಲೆಟ್‌ಗೆ ಮಗಳ ಸುಸ್ತಿನ ಲೆಕ್ಕವೂ ಸೇರುತ್ತದೆ. ಚೆನ್ನಾಗಿ ಬಂದ ಲಾಟ್ ಸಿಕ್ಕಿದರೆ ಆ ಲಾಟ್‌ನಲ್ಲೇ ವರ್ಷಕ್ಕೆ ಬೇಕಾಗುವಷ್ಟು ಒಟ್ಟಿಗೆ ತಗೊಳ್ಳಿ. ನಿಮ್ಮ ದುಡ್ಡಿಗೆ ಅತಿ ಹೆಚ್ಚು ಅಂಕ ಬರುವುದು ಇಲ್ಲಿ. ಹೊಸ ಬ್ಯಾರಲ್‌ಗಿಂತ ಎಷ್ಟೋ ಕಮ್ಮಿ ಖರ್ಚು.

ಒಂದು ಸಣ್ಣ ಭೂತಗನ್ನಡಿ ತಗೊಂಡು ಹೊಸ ಡಬ್ಬಿಯ ಇಪ್ಪತ್ತು ಪೆಲೆಟ್ ನೋಡಿ. ಹಿಂಭಾಗದ ತೆಳು ಅಂಚು ಪೂರ್ತಿ ದುಂಡಗಿರಬೇಕು. ಒಂದು ಕಡೆ ಸ್ವಲ್ಪ ಒಳಗೆ ಬಾಗಿದ್ದರೆ ಆ ಪೆಲೆಟ್ ಬದಿಗಿಡಿ. ಡಬ್ಬಿ ಒಮ್ಮೆ ನೆಲಕ್ಕೆ ಬಿದ್ದರೆ ಎಷ್ಟೋ ಪೆಲೆಟ್ ಹೀಗಾಗಿರುತ್ತದೆ. ಮೇಲೆ ಬೂದು-ಬಿಳಿ ಪುಡಿ ಕಂಡರೆ ಸೀಸಕ್ಕೆ ತೇವ ತಾಗಿದೆ ಅಂತ. ಅದನ್ನು ಹೊಡೆಯಲೂ ಬೇಡಿ, ಬಾಯಿಂದ ಊದಲೂ ಬೇಡಿ. ಆ ಪುಡಿ ವಿಷ. ಡಬ್ಬಿಗಳನ್ನು ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಪ್ರಾಕ್ಟೀಸ್ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಗಳಿಗೆ ತಿಂಡಿ ಕೊಡಬೇಡಿ. ಎಷ್ಟು ಹೇಳಿದರೂ ಮಕ್ಕಳು ಇದನ್ನು ಮರೆಯುತ್ತಾರೆ.

ಮರದ ಸ್ಟಾಕ್ ಬಗ್ಗೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಚೌಕಟ್ಟಿಗೆ ಉಜ್ಜುವ ಹಾಗೆಯೇ ಸ್ಟಾಕ್ ಕೂಡ ತೇವ ಕುಡಿದು ಸ್ವಲ್ಪ ಉಬ್ಬುತ್ತದೆ. ಆಗ ಆಕ್ಷನ್ (ಬ್ಯಾರಲ್, ಟ್ರಿಗರ್ ಕೂಡಿದ ಲೋಹದ ಭಾಗ) ಹಿಡಿದಿರುವ ಎರಡು ಸ್ಕ್ರೂಗಳ ಬಿಗಿ ಬದಲಾಗುತ್ತದೆ. ಬೇಸಗೆಯಲ್ಲಿ ಒಣಗಿದಾಗ ಸಡಿಲವಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಎಷ್ಟು ಬಿಗಿ ಅಂತ ಹೇಳಿರುತ್ತಾರೆ. ಬಿಗಿಯನ್ನು ಅಳೆದು ತಿರುಗಿಸುವ ಒಂದು ಟಾರ್ಕ್ ಸ್ಕ್ರೂಡ್ರೈವರ್ ತಗೊಂಡು ಅಷ್ಟಕ್ಕೇ ಇಡಿ, ತಿಂಗಳಿಗೊಮ್ಮೆ ನೋಡಿ. ಕೈಯಂದಾಜು ಇಲ್ಲಿ ಸಲ್ಲದು. ಅಲ್ಯೂಮಿನಿಯಂ ಸ್ಟಾಕ್‌ಗೆ ಈ ತಲೆನೋವು ಇಲ್ಲ, ಆದರೆ ಇದಕ್ಕಾಗಿಯೇ ಸ್ಟಾಕ್ ಬದಲಿಸುವುದು ಸುಮ್ನೆ ಖರ್ಚು.

ಹಿಂದಿನ ಡಯಾಪ್ಟರ್ (ಕಣ್ಣಿಟ್ಟು ನೋಡುವ ತೂತು) ಮತ್ತು ಮುಂದಿನ ಸುರಂಗ (ಗುರಿ ಹಿಡಿಯುವ ರಿಂಗ್ ಇರುವ ಕೊಳವೆ), ಎರಡನ್ನೂ ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಎರಡರ ನಡುವೆ 80 ಸೆಂ.ಮೀ. ಅಂತಾದರೆ, ಒಂದರಲ್ಲಿ 0.1 ಮಿ.ಮೀ. ಆಟ ಇದ್ದರೂ ಗುರಿಯಲ್ಲಿ 1.25 ಮಿ.ಮೀ. ಸರಿಯುತ್ತದೆ. ಅದು ಅರ್ಧ ಅಂಕ. ನೀವು ಕಳೆದುಕೊಂಡದ್ದು 0.2.

ಈಗ ಮಗಳ ಕಡೆಗೆ ಬರುತ್ತೇನೆ. ಚೀಲದ ಮೇಲೆ ರೈಫಲ್ ಸರಿಯಾಗಿ ಹೊಡೆದರೆ ಕಾರಣ ಇಲ್ಲೇ ಇದೆ. ನನ್ನ ಅನುಮಾನವೂ ಜಾಸ್ತಿ ಇಲ್ಲೇ. ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಡಿಸೆಂಬರ್‌ನ ಎತ್ತರ ಶಾಲೆಯ ಯಾವುದಾದರೂ ಕಾರ್ಡ್‌ನಲ್ಲಿ ಇರಬಹುದು. ಎರಡು ಸೆಂ.ಮೀ. ಬೆಳೆದಿದ್ದರೂ ಸಾಕು. ಕತ್ತು ಉದ್ದವಾಯಿತು, ಭುಜ ಮೇಲೆ ಹೋಯಿತು, ಡಿಸೆಂಬರ್‌ನಲ್ಲಿ ಸರಿಯಾಗಿ ಕೂರಿಸಿದ ಬಟ್ ಪ್ಲೇಟ್ (ಭುಜಕ್ಕೆ ತಾಗುವ ಹಿಂಬದಿಯ ತಟ್ಟೆ) ಈಗ ತಪ್ಪು ಜಾಗದಲ್ಲಿದೆ. ಅವಳಿಗೆ ಗೊತ್ತಾಗದೆ ಅವಳು ತಲೆ ಬಗ್ಗಿಸಿ ಹೊಂದಿಸಿಕೊಳ್ಳುತ್ತಿರುತ್ತಾಳೆ. ಮೊದಲ ಇಪ್ಪತ್ತು ಹೊಡೆತ ಹೊಂದಿಸಿಕೊಳ್ಳಬಹುದು. ನಲವತ್ತರ ಮೇಲೆ ಕತ್ತು ದಣಿದು ಕೆನ್ನೆಯ ಒತ್ತಡ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ಕಣ್ಣು ಮೇಲೆ-ಕೆಳಗೆ, ತೂತೂ ಮೇಲೆ-ಕೆಳಗೆ. ಅವಳ ಸ್ಕೋರನ್ನು ಹತ್ತು ಹೊಡೆತದ ಸರಣಿಯಾಗಿ ನೋಡಿ. ಮೊದಲೆರಡು ಸರಣಿ ಹಳೆಯ ಹಾಗೇ ಇದ್ದು ಕೊನೆಯ ಎರಡು ಬಿದ್ದಿದ್ದರೆ, ಇದೇ ಕಾರಣ ಅಂತ ಬಹುತೇಕ ಹೇಳಬಹುದು. ರೆಗ್ಯುಲೇಟರ್‌ಗೆ ಹೀಗೆ ಕೊನೆಯಲ್ಲೇ ಸುಸ್ತಾಗುವುದಿಲ್ಲ.

ಹೊಂದಿಸುವ ಕ್ರಮ ಹೀಗಿರಲಿ. ಮೊದಲು ರೈಫಲ್ ಇಲ್ಲದೆ ಅವಳನ್ನು ನಿಲುವಿನಲ್ಲಿ ನಿಲ್ಲಿಸಿ, ತಲೆ ನೇರ, ಕತ್ತು ಸಡಿಲ. ಆಮೇಲೆ ರೈಫಲ್ ಭುಜಕ್ಕೆ ತನ್ನಿ. ತಲೆ ರೈಫಲ್ ಹತ್ತಿರ ಹೋಗಬಾರದು, ರೈಫಲ್ಲೇ ತಲೆಯ ಹತ್ತಿರ ಬರಬೇಕು. ಬಟ್ ಪ್ಲೇಟ್‌ನ ಎತ್ತರ ಮೊದಲು, ಆಮೇಲೆ ಅದರ ಉದ್ದ, ಕೊನೆಗೆ ಚೀಕ್ ಪೀಸ್ (ಕೆನ್ನೆ ಇಡುವ ಭಾಗ). ಕಣ್ಣು ಮುಚ್ಚಿ ಕೆನ್ನೆ ಇಟ್ಟು, ಕಣ್ಣು ತೆರೆದಾಗ ಡಯಾಪ್ಟರ್‌ನ ತೂತು, ಮುಂದಿನ ರಿಂಗ್, ಕಪ್ಪು ವೃತ್ತ ಎಲ್ಲ ಒಂದರೊಳಗೊಂದು ನಡುವಿಗೇ ಕಾಣಬೇಕು. ಬದಲಿಸುವ ಮೊದಲು ಈಗಿನ ಅಳತೆಗಳ ಫೋಟೋ ತೆಗೆದಿಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬಟ್ ಪ್ಲೇಟ್‌ನಲ್ಲಿ ಒಂದು ಬದಲಾವಣೆ ಮಾಡಿದರೆ ಕನಿಷ್ಠ ಒಂದು ವಾರ ಹಾಗೇ ಬಿಡಿ. ಮೊದಲ ದಿನ ಅವಳಿಗೆ ವಿಚಿತ್ರ ಅನಿಸುತ್ತದೆ, ಸ್ಕೋರ್ ಇಳಿಯಲೂಬಹುದು.

ನಿಲುವು ಸರಿಯಾಗಿದೆಯಾ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಗುರಿ ಇಟ್ಟು, ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆಯಲಿ. ರೈಫಲ್ ಗುರಿಯ ಮೇಲೋ ಕೆಳಗೋ ಹೋಗಿದ್ದರೆ ಇಷ್ಟು ಹೊತ್ತೂ ಅವಳು ಬಲ ಹಾಕಿ ಅದನ್ನು ಅಲ್ಲಿ ಹಿಡಿದಿದ್ದಳು ಅಂತ ಅರ್ಥ. ಪಕ್ಕಕ್ಕೆ ಹೋಗಿದ್ದರೆ ಪಾದ ಸರಿಸಬೇಕು. ಎತ್ತರದಲ್ಲಿ ತಪ್ಪಿದರೆ ಎಡಗೈ ಆಧಾರ ಅಥವಾ ಬಟ್ ಪ್ಲೇಟ್. ನಿಮ್ಮದು ಮೇಲೆ-ಕೆಳಗಿನ ದೂರು, ಹಾಗಾಗಿ ಎರಡನೆಯದನ್ನೇ ನೋಡಿ.

ಜಾಕೆಟ್ ಯಾವ ಸ್ಥಿತಿಯಲ್ಲಿದೆ? ರಜೆಯಲ್ಲಿ ಕಪಾಟಿನೊಳಗೆ ಮಡಚಿ ಇಟ್ಟಿದ್ದರೆ ಇಷ್ಟೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಕ್ಯಾನ್ವಾಸ್ ತೇವ ಕುಡಿದರೆ ಮೆತ್ತಗಾಗುತ್ತದೆ. ಬೇಸಗೆಯಲ್ಲಿ ಬೆನ್ನಿಗೆ ಕೊಡುತ್ತಿದ್ದ ಆಸರೆ ಮಳೆಗಾಲದಲ್ಲಿ ಕೊಡುವುದಿಲ್ಲ. ಮಗಳಿಗೆ ಕಾರಣ ಗೊತ್ತಿಲ್ಲದೆ ಸೊಂಟ ಅಲ್ಲಾಡಿದ ಹಾಗೆ ಅನಿಸುತ್ತದೆ. ಪ್ರತಿ ದಿನ ಪ್ರಾಕ್ಟೀಸ್ ಮುಗಿದ ಮೇಲೆ ಅಗಲ ಹ್ಯಾಂಗರ್‌ಗೆ ಹಾಕಿ ಫ್ಯಾನ್ ಕೆಳಗೆ ಒಣಗಿಸಿ. ಒಲೆಯ ಹತ್ತಿರ, ಬಿಸಿಲಲ್ಲಿ ಬೇಡ, ಚರ್ಮದ ಭಾಗ ಸೆಟೆಯುತ್ತದೆ. ಗಟ್ಟಿ ಮಾಡಬೇಕು ಅಂತ ಗಂಜಿ ಹಾಕುವುದು, ಇನ್ನೊಂದು ಪದರ ಹೊಲಿಸುವುದು ಎಲ್ಲ ಬೇಡ. ಜಾಕೆಟ್‌ನ ಬಟ್ಟೆ ಎಷ್ಟು ದಪ್ಪ ಇರಬಹುದು, ಎಷ್ಟು ಬಾಗಬೇಕು ಅಂತ ಪಂದ್ಯದಲ್ಲಿ ಅಳೆಯುತ್ತಾರೆ. ಒಂದೇ ಪದರದ ದಪ್ಪ 2.5 ಮಿ.ಮೀ. ದಾಟಬಾರದು.

ಮೋಡ ಕವಿದ ದಿನ ರೇಂಜ್‌ನಲ್ಲಿ ಬೆಳಕೂ ಬೇರೆಯಾಗಿರುತ್ತದೆ. ಕಪ್ಪು ವೃತ್ತ 30.5 ಮಿ.ಮೀ. ಅದು 10 ಮೀಟರ್ ದೂರದಲ್ಲಿ ಇರುವಾಗ, ಕಣ್ಣಿನಿಂದ ಒಂದು ಮೀಟರ್ ದೂರದ ರಿಂಗ್ ಒಳಗೆ ಸುಮಾರು 3 ಮಿ.ಮೀ. ಆಗಿ ಕಾಣುತ್ತದೆ. ಅವಳ ರಿಂಗ್ 3.4ರದ್ದಾದರೆ ಸುತ್ತ 0.2 ಮಿ.ಮೀ. ಬಿಳಿ ಮಾತ್ರ ಉಳಿಯಿತು. ಬೆಳಕು ಮಂಕಾದಾಗ ಅಷ್ಟು ಸಪೂರ ಬಿಳಿ ಗೆರೆ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ, ಮೇಲೆ ಜಾಸ್ತಿಯಾ ಕೆಳಗೆ ಜಾಸ್ತಿಯಾ ಗೊತ್ತಾಗದೆ ಟ್ರಿಗರ್ ತಡವಾಗುತ್ತದೆ. 4.0 ಅಥವಾ 4.2 ಹಾಕಿ ಒಂದು ವಾರ ನೋಡಿ. ದೊಡ್ಡ ರಿಂಗ್ ಹಾಕಿದರೆ ಗುರಿ ಸಡಿಲವಾಗುತ್ತದೆ ಅಂತ ಮಕ್ಕಳು ಹೆದರುತ್ತಾರೆ. ನಾನು ನೋಡಿದ ಹೆಚ್ಚಿನವರಲ್ಲಿ ಹೊಡೆತ ಬೇಗ ಬಿಡಲು ಧೈರ್ಯ ಬಂದಿದೆ.

ನಿಮಗೆ ಸಿಕ್ಕಿದ ಮೂರು ಸಲಹೆಗಳ ಬಗ್ಗೆ. ಟ್ರಿಗರ್ ಹಗುರ ಮಾಡುವುದು: 10 ಮೀಟರ್ ಏರ್ ರೈಫಲ್‌ನಲ್ಲಿ ಟ್ರಿಗರ್‌ಗೆ ಇಷ್ಟೇ ಭಾರ ಇರಬೇಕು ಅಂತ ಕನಿಷ್ಠ ಮಿತಿ ಇಲ್ಲ, ಹಾಗಾಗಿ ಎಲ್ಲರೂ ಹಗುರ ಮಾಡುತ್ತಲೇ ಹೋಗುತ್ತಾರೆ. ನಮ್ಮ ಸೆಕೆಯಲ್ಲಿ ಬೆವರಿದ ಬೆರಳಿಗೆ ಅತಿ ಹಗುರ ಟ್ರಿಗರ್ ಅಪಾಯ, ಅವಳು ಬಿಡುವ ಮೊದಲೇ ಹೋಗುತ್ತದೆ. ಟ್ರಿಗರ್ ಎಳೆಯುವಾಗ ಮೊದಲ ಹಂತ ಮುಗಿದು ಎರಡನೇ ಹಂತದ ಗೋಡೆ ಬೆರಳಿಗೆ ಸ್ಪಷ್ಟವಾಗಿ ತಾಗುತ್ತದಾ ಅಂತ ಕೇಳಿ. ಹೌದು ಅಂದರೆ ಮುಟ್ಟಬೇಡಿ. ಏಪ್ರಿಲ್‌ನಲ್ಲಿ ಇದೇ ಟ್ರಿಗರ್‌ನಲ್ಲಿ 610 ಬಂದಿತ್ತಲ್ವಾ.

ವೇಗ ಜಾಸ್ತಿ ಮಾಡಿಸುವ ಮಾತು ಭಾವನವರದ್ದು. ಅವರ ಹತ್ತಿರ ತೋಟ ಕಾಯುವ ಲೈಸೆನ್ಸ್ ಕೋವಿ ಇರಬಹುದು ಅಂತ ನನ್ನ ಊಹೆ. ಅಡಿಕೆ ತೋಟಕ್ಕೆ ನುಗ್ಗುವ ಹಂದಿಯ ಮುಂದೆ ಈಡಿನ ಜೋರೇ ಮುಖ್ಯ, ಅವರ ಅನುಭವದಲ್ಲಿ ಅದು ಸರಿ. ಇಲ್ಲಿ ಲೆಕ್ಕ ಬೇರೆ. 0.53 ಗ್ರಾಂ ಪೆಲೆಟ್, 170 ಮೀಟರ್ ವೇಗ, ಶಕ್ತಿ 8 ಜೂಲ್ ಹತ್ತಿರ. ಕಾಗದ ತೂತು ಮಾಡಲು ಅದು ಬೇಕಾದ್ದಕ್ಕಿಂತ ಜಾಸ್ತಿ. ವೇಗ ಏರಿಸಿದರೆ ರೈಫಲ್ ಜಾಸ್ತಿ ಅದುರುತ್ತದೆ, ರೆಗ್ಯುಲೇಟರ್ ಅದರ ಹದದಿಂದ ಹೊರಗೆ ಹೋಗುತ್ತದೆ, ಗ್ರೂಪ್ ಹಾಳಾಗುತ್ತದೆ. 2016ರ ಆರ್ಮ್ಸ್ ನಿಯಮಗಳ ಪ್ರಕಾರ 20 ಜೂಲ್ ದಾಟಿದ ಏರ್ ಗನ್‌ಗೆ ಲೈಸೆನ್ಸ್ ಬೇಕು ಅನ್ನುವುದನ್ನೂ ಭಾವನವರಿಗೆ ಹೇಳಿ. ಆ ದಾರಿಗೇ ಹೋಗಬೇಡಿ.

ಬ್ಯಾರಲ್. ಏರ್ ರೈಫಲ್‌ನಲ್ಲಿ ಮದ್ದಿನ ಬಿಸಿ ಇಲ್ಲ, ಮೆತ್ತಗಿನ ಸೀಸ, ಕಮ್ಮಿ ವೇಗ. ಬ್ಯಾರಲ್ ಸವೆದು ಹೋಗುವುದು ಬಹಳ ಬಹಳ ನಿಧಾನ. ಹಾಳಾಗುವುದು ತುಕ್ಕಿನಿಂದ ಮತ್ತು ತಪ್ಪಾಗಿ ತಿಕ್ಕಿದ್ದರಿಂದ. ಉಕ್ಕಿನ ಕಡ್ಡಿ, ಉಕ್ಕಿನ ಬ್ರಷ್ ಒಳಗೆ ಹಾಕಲೇಬೇಡಿ. ಕೆಲವು ನೂರು ಹೊಡೆತಕ್ಕೊಮ್ಮೆ ಫೆಲ್ಟ್ ತುಂಡುಗಳನ್ನು ಹಿಂದಿನಿಂದ ಮುಂದಕ್ಕೆ ತಳ್ಳಿದರೆ ಸಾಕು. ಆಮೇಲೆ ಹತ್ತಿಪ್ಪತ್ತು ಪೆಲೆಟ್ ಹೊಡೆದು ಬ್ಯಾರಲ್ ಹದಕ್ಕೆ ಬಂದ ಮೇಲಷ್ಟೇ ಕಾರ್ಡ್ ಹೊಡೆಯಿರಿ. ಮಲ್ಪೆ, ಕಾಪು ಕಡೆ ಸಮುದ್ರದ ಹತ್ತಿರ ಮನೆಯಾದರೆ ರೈಫಲ್ಲನ್ನು ಸ್ಪಂಜಿನ ಕೇಸ್‌ನೊಳಗೆ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಸ್ಪಂಜು ತೇವ ಹಿಡಿದು ಉಕ್ಕಿಗೆ ಅಂಟಿಸುತ್ತದೆ. ಚೇಂಬರ್ ಖಾಲಿ ಇದೆ ಅಂತ ಕಣ್ಣಾರೆ ನೋಡಿ, ಸೇಫ್ಟಿ ಫ್ಲ್ಯಾಗ್ (ಖಾಲಿ ಇದೆ ಅಂತ ತೋರಿಸಲು ಹಾಕುವ ಗುರುತು) ಹಾಕಿ, ಬೀಗ ಇರುವ ಕಪಾಟಿನಲ್ಲಿ ನಿಲ್ಲಿಸಿ, ಒಳಗೆ ಸಿಲಿಕಾ ಜೆಲ್ ಇಡಿ.

ಬ್ಯಾರಲ್ ಹೋಗಿದೆ ಅಂತ ನಾನು ಒಪ್ಪಬೇಕಾದರೆ ಮೂರು ಸಂಗತಿ ಒಟ್ಟಿಗೆ ಬೇಕು. ಚೀಲದ ಮೇಲೆ ಮೂರು-ನಾಲ್ಕು ಲಾಟ್ ಹೊಡೆದರೂ ಎಲ್ಲವೂ ಹರಡಬೇಕು. ಕ್ರೋನೋಗ್ರಾಫ್‌ನಲ್ಲಿ ವೇಗ ಸರಿ ಇರಬೇಕು. ಸ್ಕ್ರೂ ಮತ್ತು ಡಯಾಪ್ಟರ್ ಬಿಗಿಯಾಗಿರಬೇಕು. ಆಗಲೂ ಮೊದಲು ಬಾಯಿಯ ಅಂಚಿನಲ್ಲಿ ಗೀರು, ತುಕ್ಕಿನ ಚುಕ್ಕೆ ಇದೆಯಾ ಅಂತ ಸರ್ವಿಸ್‌ನವರಿಂದ ನೋಡಿಸುತ್ತೇನೆ. ಬಾಯಿಯ ಅಂಚು ಮಾತ್ರ ಸರಿ ಮಾಡಿಸಿದರೆ ಎಷ್ಟೋ ಬ್ಯಾರಲ್ ಮತ್ತೆ ಹಿಂದಿನ ಹಾಗೇ ಹೊಡೆಯುತ್ತವೆ.

ಈ ವಾರ ನೀವು ಮಾಡಬೇಕಾದದ್ದು ಎರಡೇ. ಸಿಲಿಂಡರ್ ತಾರೀಕು ನೋಡಿ. ಹಳೆ ಲಾಟ್ ಪೆಲೆಟ್ ಉಳಿದಿದ್ದರೆ ಅದರಲ್ಲಿ, ಇಲ್ಲದಿದ್ದರೆ ಹೊಸದರಲ್ಲೇ, ಚೀಲದ ಮೇಲೆ ಐದು ಕಾರ್ಡ್ ಹೊಡೆಸಿ. ಕಾರ್ಡ್‌ಗಳನ್ನು ಎಸೆಯದೆ, ಪ್ರತಿಯೊಂದರ ಹಿಂದೆ ತಾರೀಕು, ಲಾಟ್ ನಂಬರ್, ಸಿಲಿಂಡರ್‌ನ ಬಾರ್ ಬರೆದಿಡಿ. ಅವುಗಳ ಫೋಟೋ, ಮಗಳ ಇತ್ತೀಚಿನ ಪಂದ್ಯದ ಆರೂ ಸರಣಿಯ ಅಂಕ, ಅವಳು ರೈಫಲ್ ಹಿಡಿದು ನಿಂತದ್ದರ ಎದುರಿನದ್ದೊಂದು ಪಕ್ಕದ್ದೊಂದು ಫೋಟೋ ಕಳಿಸಿ. ಬಟ್ ಪ್ಲೇಟ್ ಎಷ್ಟು ಸರಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.